ಅತ್ತಿಯ ಹೂವು

ಬಹುದಿನ ಮುಖದೋರದಿದ್ದ ನೆಂಟರು ಮನೆಬಾಗಿಲಿಗೆ ಬಂದಾಗ, "ಏನು, ಅತ್ತಿಯ ಹೂವಾಗಿಬಿಟ್ಟಿರಿ!" ಎಂದು ಮನೆಯ ಹಿರಿಯ ಹೆಂಗಸರು ಆಕ್ಷೇಪಿಸುವುದುಂಟು. ಕಾಣಸಿಗದ ವಸ್ತುವಿಗೆ ಅತ್ತಿಯ ಹೂವೇ ಉಪಮಾನ. ಆ ಮರವು ನಟ್ಟಿರುಳಿನಲ್ಲಿ ಹೂ ಬಿಡುವುದೆಂದೂ, ಬೆಳಗಾಗುವುದರೊಳಗೆ ಹೂವು ಮಾಯವಾಗುವುದೆಂದೂ, ಅದನ್ನು ಕಂಡ ಪುಣ್ಯವಂತನ ಮನೆಯಲ್ಲಿ ಲಕ್ಷ್ಮಿಯು ಕಾಲು ಮುರಿದುಕೊಂಡು ಬಿದ್ದಿರುವಳೆಂದೂ ಹೇಳುವ ಕಥೆಯನ್ನು ಕೇಳದೆ ಬೆಳೆದವರು ನಮ್ಮ ಮಲೆನಾಡಿನಲ್ಲಿ ಕಡಿಮೆ. ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದ ಕಾಲದಲ್ಲಿ, ಹೂವು ಕಾಯಿ ಹಣ್ಣುಗಳ ಪಾಠ ಬಂದಾಗಲೆಲ್ಲ ಒಬ್ಬನಲ್ಲ ಒಬ್ಬ ಬಾಲಕನು ಎದ್ದುನಿಂತು, "ಹೂವಿಲ್ಲದೆ ಅತ್ತಿಯು ಹೇಗೆ ಕಾಯಿ ಬಿಡುತ್ತದೆ?" ಎಂದು ಕೇಳದೆ ಇರುತ್ತಿರಲಿಲ್ಲ. ಪ್ರಶ್ನೆಯು ಸಾಧುವಾದುದೇ. ಅದರ ಉತ್ತರವು ಮೇಲಿನ ಕಥೆಗಿಂತಲೂ ವಿಚಿತ್ರವಾಗಿದೆ. ಆ ಉತ್ತರವನ್ನು ಬಲ್ಲ ಗೃಹಸ್ಥನು ತನ್ನ ತೋಟದ ಅತ್ತಿಗೆ ಕೊಡಲಿಯಿಡುವ ಮುನ್ನ ಒಂದು ಗಳಿಗೆ ಕೈ ತಡೆದಾನೆಂಬ ನಂಬಿಕೆಯಿಂದ ಈ ತಿಂಗಳ ಲೇಖನವನ್ನು ಆ ಮರಕ್ಕೆ ಮೀಸಲಿಟ್ಟಿದ್ದೇವೆ.

ಅತ್ತಿಯನ್ನು ಗುರುತಿಸುವುದು ಕಷ್ಟವಲ್ಲ. ನೀರಿನ ಆಸರೆಯಿರುವ ಕಡೆ, ಹಳ್ಳದ ದಂಡೆಯಲ್ಲಿ, ಗದ್ದೆಯ ಅಂಚಿನಲ್ಲಿ, ತೋಟದ ತಗ್ಗಿನಲ್ಲಿ ಇದರ ವಾಸ. ಕಲಸ, ಬಾಳೆಹೊನ್ನೂರುಗಳನ್ನು ಹಾದು ಹೋಗುವ ಭದ್ರೆಯ ದಡದಲ್ಲಿಯೂ, ಮೂಡಿಗೆರೆಯ ಸೀಮೆಯಲ್ಲಿ ಹುಟ್ಟಿ ಹರಿಯುವ ಹೇಮಾವತಿಯ ದಡದಲ್ಲಿಯೂ ಇದನ್ನು ಕಾಣಬಹುದು. ಎಪ್ಪತ್ತು ಎಂಬತ್ತು ಅಡಿ ಎತ್ತರಕ್ಕೆ ಬೆಳೆಯುವ ಮರ, ಬೂದುಗಂದು ತೊಗಟೆ, ಎಲ್ಲಿ ಗೀರಿದರೂ ಒಸರುವ ಬಿಳಿಯ ಹಾಲು. ಆಲದಂತೆ ಬಿಳಲುಗಳನ್ನು ಇಳಿಬಿಡುವುದಿಲ್ಲ. ಇವೆಲ್ಲಕ್ಕಿಂತ ಸ್ಪಷ್ಟವಾದ ಗುರುತೆಂದರೆ ಕಾಯಿಗಳು. ಬೇರೆ ಮರಗಳು ಕೊಂಬೆಯ ತುದಿಯಲ್ಲಿ, ಎಲೆಯ ಕಂಕುಳಲ್ಲಿ ಫಲ ತಾಳಿದರೆ, ಅತ್ತಿಯು ಹಲಸಿನ ಹಾಗೆ ಬೊಡ್ಡೆಯ ಮೇಲೆಯೂ ದಪ್ಪ ಕೊಂಬೆಗಳ ಮೇಲೆಯೂ ಗೊಂಚಲು ಗೊಂಚಲಾಗಿ ಕಾಯಿಗಳನ್ನು ಅಂಟಿಸಿಕೊಂಡಿರುತ್ತದೆ. ಹಸಿರಾಗಿದ್ದ ಕಾಯಿಯು ಹಣ್ಣಾದಾಗ ಕಿತ್ತಳೆಗೆಂಪಿಗೆ ತಿರುಗುತ್ತದೆ. ಹಲಸಿನ ಹೋಲಿಕೆಯನ್ನು ನಾವು ಸುಮ್ಮನೆ ಹೇಳಲಿಲ್ಲ. ಸಸ್ಯಶಾಸ್ತ್ರಜ್ಞರು ಹಲಸು, ಹಿಪ್ಪುನೇರಳೆ, ಅತ್ತಿಗಳನ್ನು ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ಅದರಲ್ಲಿ ಫೈಕಸ್ ಎಂಬ ವಂಶವೊಂದರಲ್ಲಿಯೇ ಏಳುನೂರಕ್ಕೂ ಮೀರಿದ ಜಾತಿಗಳುಂಟು. ಆಲ, ಅರಳಿ, ಬಸರಿ, ಗೋಣಿ, ಅಂಗಡಿಯಲ್ಲಿ ಸರಪೋಣಿಸಿ ಮಾರುವ ಅಂಜೂರ, ಎಲ್ಲವೂ ಅತ್ತಿಯ ದಾಯಾದಿಗಳೇ. ಅತ್ತಿಗೆ ಲಿನೀಯಸನು 1753ರಲ್ಲಿ ಫೈಕಸ್ ರೆಸಿಮೋಸ ಎಂದು ಹೆಸರಿಟ್ಟನು. ಹಳೆಯ ಪುಸ್ತಕಗಳಲ್ಲಿ ಫೈಕಸ್ ಗ್ಲಾಮರೇಟ ಎಂದಿರುವುದೂ ಇದೇ ಮರ.

ನಮ್ಮ ಜಿಲ್ಲೆಯ ಊರುಗಳ ಹೆಸರನ್ನು ಕೇಳಿದರೂ ಈ ಬಂಧುವರ್ಗವು ನೆನಪಿಗೆ ಬರುತ್ತದೆ. ಬಾಬಾಬುಡನ್ ಗಿರಿಯ ಮಗ್ಗುಲಲ್ಲಿ ಅತ್ತಿಗುಂಡಿ, ಮೂಡಿಗೆರೆಯ ಕಡೆ ಗೋಣಿಬೀಡು, ಕೊಪ್ಪದ ಕಡೆ ಬಸರಿಕಟ್ಟೆ.

ಇನ್ನು ಸಂಸ್ಕೃತದ ಹೆಸರುಗಳನ್ನು ನೋಡೋಣ. ಅಮರಸಿಂಹನು ವನೌಷಧಿವರ್ಗದಲ್ಲಿ ಈ ಮರಕ್ಕೆ ನಾಲ್ಕು ಹೆಸರುಗಳನ್ನು ಹೇಳಿದ್ದಾನೆ. ಮೊದಲನೆಯದು ಎಲ್ಲರೂ ಬಲ್ಲ ಉದುಂಬರ. ಯಾಗಕ್ಕೆ ಒದಗುವುದರಿಂದ ಯಜ್ಞಾಂಗ. ಹಾಲು ಒಸರಿ ಹಳದಿಗೂಡುವುದರಿಂದಲೋ ಏನೋ ಹೇಮದುಗ್ಧಕ. ನಾಲ್ಕನೆಯದು ಜಂತುಫಲ, ಎಂದರೆ ಹಣ್ಣಿನೊಳಗೆ ಜಂತುಗಳಿರುವಂಥದು. ಹಿಂದಿನವರು ಹೆಸರಿಡುವಾಗ ಕಣ್ಣು ಮುಚ್ಚಿಕೊಂಡಿರಲಿಲ್ಲವೆಂಬುದಕ್ಕೆ ಈ ನಾಲ್ಕನೆಯ ಹೆಸರೇ ಸಾಕ್ಷಿ. ಭಾಗವತದ ದಶಮಸ್ಕಂಧದಲ್ಲಿ ಅಕ್ರೂರನು ಭಗವಂತನನ್ನು ಸ್ತುತಿಸುವಾಗ, ಅತ್ತಿಯ ಹಣ್ಣಿನೊಳಗೆ ನುಸಿಗಳು ಸುಳಿದಾಡುವಂತೆ ನಿನ್ನೊಳಗೆ ಲೋಕಗಳು ಸುಳಿದಾಡುತ್ತಿವೆಯೆಂಬ ಅಭಿಪ್ರಾಯದ ಮಾತನ್ನಾಡುತ್ತಾನೆ. ಅಲ್ಲಿರುವ ಶಬ್ದವು ಹುಳುವೆಂದಲ್ಲ, ಮಶಕವೆಂದು; ರೆಕ್ಕೆಯುಳ್ಳ ನುಸಿ. ಈ ಸೂಕ್ಷ್ಮವನ್ನು ವಾಚಕರು ಗಮನದಲ್ಲಿಟ್ಟಿರಬೇಕು.

ಹೂವಿನ ವಿಷಯದಲ್ಲಾದರೋ ಪ್ರಾಚೀನರು ತಮಗೆ ಕಂಡದ್ದನ್ನು ಕಂಡಂತೆ ಹೇಳಿ ಬಿಟ್ಟಿದ್ದಾರೆ. ಹೂವೂ ಹಣ್ಣೂ ಎರಡೂ ಕಾಣುವ ಮರಗಳು ಒಂದು ಬಗೆ. ಹೂವಿಲ್ಲದೆ ಹಣ್ಣನ್ನು ಮಾತ್ರ ಕೊಡುವ ಮರಗಳು ಇನ್ನೊಂದು ಬಗೆ, ಅವಕ್ಕೆ ವನಸ್ಪತಿಗಳೆಂದು ಹೆಸರು. ಮನುಸ್ಮೃತಿಯ ಮೊದಲನೆಯ ಅಧ್ಯಾಯದಲ್ಲಿಯೂ ಅಮರಕೋಶದಲ್ಲಿಯೂ ಈ ವಿಭಾಗವು ಸ್ಪಷ್ಟವಾಗಿದೆ. ಇಂದು ಗಿಡಮರಗಳಿಗೆಲ್ಲ ವನಸ್ಪತಿಯೆಂದು ಕರೆಯುವವರಿಗೆ, ಆ ಶಬ್ದವು ಮೊದಲು ಅತ್ತಿ ಆಲಗಳ ಸ್ವತ್ತಾಗಿತ್ತೆಂಬುದು ಹೊಸದಾಗಿ ಕೇಳಿಸೀತು.

ಹಾಗಾದರೆ ಹೂವು ನಿಜವಾಗಿಯೂ ಇಲ್ಲವೇ? ಇದೆ, ಒಂದಲ್ಲ, ಒಂದೊಂದು ಕಾಯಿಗೆ ಸಾವಿರಾರು. ನಾವು ಅತ್ತಿಯ ಕಾಯಿಯೆನ್ನುವುದು ಕಾಯಿಯೇ ಅಲ್ಲ. ಹೂಗಳ ಒಂದು ಗೊಂಚಲನ್ನು ಒಳಮೊಗವಾಗಿ ಮಡಿಸಿ ಮುಚ್ಚಿದ ಡಬ್ಬಿಯದು. ಸೂರ್ಯಕಾಂತಿಯ ದೊಡ್ಡ ತಟ್ಟೆಯ ಮೇಲೆ ಸಣ್ಣ ಹೂಗಳು ಒತ್ತೊತ್ತಾಗಿ ಕುಳಿತಿರುವುದನ್ನು ಎಲ್ಲರೂ ನೋಡಿದ್ದೀರಿ. ಆ ತಟ್ಟೆಯ ಅಂಚನ್ನು ಸುತ್ತಲೂ ಮೇಲಕ್ಕೆತ್ತಿ, ಎಲೆಯಡಿಕೆಯ ಸಂಚಿಯ ದಾರವನ್ನೆಳೆದು ಬಾಯಿ ಬಿಗಿದಂತೆ ಬಿಗಿದರೆ ಹೂಗಳೆಲ್ಲ ಒಳಗೆ ಉಳಿದುಹೋಗುವುವಲ್ಲವೆ? ಅತ್ತಿಯು ಅಂಥ ಸಂಚಿ. ಅಥವಾ ಮಲೆನಾಡಿನವರಿಗೆ ತಿಳಿಯುವಂತೆ ಹೇಳುವುದಾದರೆ, ಹಲಸನ್ನು ಒಳಹೊರಗು ಮಾಡಿದರೆ ಅತ್ತಿಯಾಗುತ್ತದೆ. ತೊಟ್ಟಿನ ಎದುರು ತುದಿಯಲ್ಲಿ ಸೂಜಿಯ ಮೊನೆಯಷ್ಟು ಒಂದು ಬಾಯಿ ಇರುತ್ತದೆ. ಅದನ್ನೂ ಸಣ್ಣ ಹುರುಪೆಗಳು ಅಡ್ಡಗಟ್ಟಿರುತ್ತವೆ. ಎಳೆಯ ಕಾಯಿಯೊಂದನ್ನು ಉದ್ದಕ್ಕೆ ಸೀಳಿ, ಮಕ್ಕಳ ಭೂತಗನ್ನಡಿಯನ್ನು ಹಿಡಿದು ನೋಡಿದರೆ ಒಳಗೋಡೆಯ ತುಂಬ ಹೆಣ್ಣು ಹೂಗಳೂ, ಬಾಯಿಯ ಹತ್ತಿರ ಗಂಡು ಹೂಗಳೂ ಕಾಣುವುವು. ನಡುರಾತ್ರಿಯವರೆಗೆ ಕಾಯಬೇಕಾದುದಿಲ್ಲ.

ಬಾಯಿ ಮುಚ್ಚಿದ ಈ ಡಬ್ಬಿಯೊಳಗಿನ ಹೂಗಳಿಗೆ ಪರಾಗವನ್ನು ಮುಟ್ಟಿಸುವವರು ಯಾರು? ಗಾಳಿಗೆ ಅಲ್ಲಿ ದಾರಿಯಿಲ್ಲ; ಜೇನಿಗೂ ಚಿಟ್ಟೆಗೂ ಇಲ್ಲ. ಅಕ್ರೂರನ ನುಸಿಯೇ ಆ ಕಾರ್ಯವನ್ನು ಮಾಡುತ್ತದೆ. ಅದು ಎಳ್ಳಿಗಿಂತಲೂ ಸಣ್ಣದಾದ ಒಂದು ಕಣಜ. ಸೆರಟೊಸೋಲೆನ್ ಫ್ಯೂಸಿಸೆಪ್ಸ್ ಎಂದು ವಿಜ್ಞಾನಿಗಳು ಕರೆಯುವ ಈ ಕಣಜಕ್ಕೆ ಅತ್ತಿಯ ಕಾಯಿಯಲ್ಲದೆ ಬೇರೆ ಮನೆಯಿಲ್ಲ. ಅತ್ತಿಗೆ ನಮ್ಮ ಸೀಮೆಯಲ್ಲಿ ಈ ಕಣಜವಲ್ಲದೆ ಬೇರೆ ದೂತನಿಲ್ಲ.

ಹೂಗಳು ಅರಳಿ ಸಿದ್ಧವಾದ ಗಳಿಗೆಯಲ್ಲಿ ಕಾಯಿಯು ಒಂದು ಬಗೆಯ ಪರಿಮಳವನ್ನು ಹೊರಗೆ ಬಿಡುತ್ತದೆ. ನಮ್ಮ ಮೂಗಿಗೆ ಹೆಚ್ಚಾಗಿ ತಿಳಿಯದು, ಕಣಜಕ್ಕೆ ತಿಳಿಯುತ್ತದೆ. ಅದರ ಜಾಡು ಹಿಡಿದು ಬಂದ ಹೆಣ್ಣು ಕಣಜವು ಆ ಇಕ್ಕಟ್ಟಾದ ಬಾಯಿಯೊಳಗೆ ತಲೆ ತೂರಿಸಿ ನುಸುಳುವಾಗ ರೆಕ್ಕೆಗಳು ಹರಿದು ಬೀಳುತ್ತವೆ, ಮೀಸೆಗಳು ಮುರಿಯುತ್ತವೆ. ಮರಳಿ ಹಾರುವ ಪ್ರಸ್ತಾಪವೇ ಇಲ್ಲ. ಒಳಹೊಕ್ಕು, ಎದೆಯ ಕೆಳಗಿನ ಚೀಲಗಳಲ್ಲಿ ಹೊತ್ತು ತಂದ ಪರಾಗವನ್ನು ಹೂಗಳಿಗೆ ಸವರುತ್ತದೆ, ಕೆಲವು ಹೂಗಳ ಅಂಡಾಶಯದಲ್ಲಿ ಮೊಟ್ಟೆಯಿಡುತ್ತದೆ, ಅಲ್ಲಿಯೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂವು ಮರಿಗೆ ತೊಟ್ಟಿಲೂ ಅನ್ನವೂ ಆಗುತ್ತದೆ. ಮೊಟ್ಟೆ ಬೀಳದ ಹೂವು ಬೀಜವಾಗುತ್ತದೆ. ಹೀಗೆ ಮರವು ತನ್ನ ಸಂತಾನದಲ್ಲಿ ಒಂದು ಪಾಲನ್ನು ದೂತನಿಗೆ ಕೂಲಿಯಾಗಿ ಕೊಟ್ಟು ಉಳಿದುದನ್ನು ಪಡೆಯುತ್ತದೆ.

ಕೆಲವು ವಾರಗಳು ಕಳೆದ ಮೇಲೆ ಮೊದಲು ಹುಟ್ಟುವವು ಗಂಡುಗಳು. ಅವಕ್ಕೆ ರೆಕ್ಕೆಯಿಲ್ಲ, ಕಣ್ಣು ಇದ್ದೂ ಇಲ್ಲದಂತೆ. ಹೆಣ್ಣುಗಳು ತಮ್ಮ ತೊಟ್ಟಿಲುಗಳಲ್ಲಿ ಇರುವಾಗಲೇ ಅವುಗಳನ್ನು ಕೂಡಿ, ಆಮೇಲೆ ಎಲ್ಲ ಗಂಡುಗಳೂ ಸೇರಿ ಕಾಯಿಯ ಗೋಡೆಯನ್ನು ಕಡಿದು ಸುರಂಗ ಮಾಡಿ ಪ್ರಾಣ ಬಿಡುತ್ತವೆ. ಆ ಹೊತ್ತಿಗೆ ಸರಿಯಾಗಿ ಗಂಡು ಹೂಗಳು ಅರಳುತ್ತವೆ. ಹೆಣ್ಣುಗಳು ಪರಾಗವನ್ನು ತುಂಬಿಕೊಂಡು ಸುರಂಗದಿಂದ ಹೊರಕ್ಕೆ ಹಾರುತ್ತವೆ. ಅವುಗಳ ಆಯುಸ್ಸು ಒಂದು ದಿನ, ಹೆಚ್ಚೆಂದರೆ ಎರಡು. ಅಷ್ಟರಲ್ಲಿ ಇನ್ನೊಂದು ಅತ್ತಿಯನ್ನು ಹುಡುಕಬೇಕು. ಕಣಜಗಳು ಹೊರಟುಹೋದ ಮೇಲೆಯೇ ಕಾಯಿಯು ಮೆತ್ತಗಾಗಿ, ಕೆಂಪೇರಿ, ಸಿಹಿಗೂಡುವುದು. ಅತ್ತಿಯ ಹಣ್ಣು ಹೊರಗೆ ಚೆಂದ, ಬಿಡಿಸಿದರೆ ಹುಳವೆಂಬ ಗಾದೆಯನ್ನು ಕಪಟಿಗಳ ವಿಷಯದಲ್ಲಿ ಉಪಯೋಗಿಸುತ್ತೇವೆ. ಪಾಪ, ಹುಳುವಿಲ್ಲದಿದ್ದರೆ ಆ ಹಣ್ಣೇ ಇರುತ್ತಿರಲಿಲ್ಲ.

ಈ ಕೂಡುಬಾಳಿಗೆ ಆರು ಕೋಟಿ ವರ್ಷಗಳಿಗೂ ಹೆಚ್ಚು ವಯಸ್ಸೆಂದು ತಿಳಿದವರು ಅಂದಾಜು ಮಾಡಿದ್ದಾರೆ. ಇಷ್ಟು ಹಳೆಯ ಸಂಸಾರದಲ್ಲಿ ಕರೆಯದ ಅತಿಥಿಗಳು ಸೇರದಿರುವರೆ? ಕೆಲವು ಕಳ್ಳ ಕಣಜಗಳು ಪರಾಗ ತರುವ ಕಷ್ಟಕ್ಕೆ ಹೋಗದೆ, ಹೊರಗಿನಿಂದಲೇ ಕೂದಲಿನಂಥ ಉದ್ದ ಕೊಳವೆಯನ್ನು ಕಾಯಿಗೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತವೆ. ಅಂಥದೊಂದು ಕಣಜದ ಕೊಳವೆಯ ಮೊನೆಯಲ್ಲಿ ಸತುವು ಸೇರಿ ಅದನ್ನು ಗಟ್ಟಿಗೊಳಿಸಿರುವುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಅದೇ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಎಂಬ ವಿದುಷಿಯೂ ಅವರ ಶಿಷ್ಯವರ್ಗವೂ ಅನೇಕ ವರ್ಷ ಅತ್ತಿಯ ಕಾಯಿಯೊಳಗಿನ ಈ ಲೋಕವನ್ನೇ ಅಭ್ಯಾಸ ಮಾಡಿದ್ದಾರೆ. ಅತ್ತಿಯ ಕೊಂಬೆಗಳಲ್ಲಿ ಓಡಾಡುವ ಇರುವೆಗಳು ಈ ಕಣಜಗಳನ್ನು ಹಿಡಿದು ತಿನ್ನುವುದನ್ನು ಅವರು ವಿವರಿಸಿದ್ದಾರೆ. ಕಾಯಿಯ ಮೇಲೆ ಬಹಳ ಹೊತ್ತು ನಿಂತು ಚುಚ್ಚಬೇಕಾದ ಕಳ್ಳರೇ ಇರುವೆಗೆ ಸುಲಭವಾಗಿ ಸಿಕ್ಕುವುದರಿಂದ ಮರಕ್ಕೆ ಅದು ಕಾವಲೂ ಆಗುತ್ತದೆ. ಆ ಇರುವೆಗಳಲ್ಲಿ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಚಗಳಿಯೂ ಒಂದು. ಮೂಡಿಗೆರೆಯ ಕಡೆಯವರಿಗೆ ಚಗಳಿಯ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಅದರ ಚಟ್ನಿಯ ರುಚಿ ಬಲ್ಲವರು ಅಲ್ಲಿ ಎಷ್ಟೋ ಮಂದಿ.

ಈಗ ಮುಖ್ಯವಾದ ಮಾತಿಗೆ ಬರೋಣ. ಒಂದು ಅತ್ತಿಯ ಮರದಲ್ಲಿ ಕಾಯಿಗಳು ಬಹುಮಟ್ಟಿಗೆ ಒಟ್ಟಿಗೇ ಹುಟ್ಟಿ ಒಟ್ಟಿಗೇ ಹಣ್ಣಾಗುತ್ತವೆ. ಆದುದರಿಂದ ಒಂದು ಮರದಿಂದ ಕಣಜಗಳು ಹೊರಟ ದಿನ ಅದೇ ಮರದಲ್ಲಿ ಅವಕ್ಕೆ ಹೊಗಲು ತಕ್ಕ ಎಳೆಗಾಯಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಮಾವು ಹಲಸುಗಳಂತೆ ಊರಿನ ಅತ್ತಿಗಳೆಲ್ಲ ಒಂದೇ ಕಾಲಕ್ಕೆ ಫಲ ಬಿಡುವುದಿಲ್ಲ. ಹಳ್ಳದ ಈಚೆಯ ಮರ ಕಾರ್ತಿಕದಲ್ಲಿ ಹಣ್ಣಾದರೆ ಆಚೆಯ ಮರ ಮಾಘದಲ್ಲಿ. ಒಂದೊಂದು ಮರವೂ ವರ್ಷದಲ್ಲಿ ಹಲವು ಬಾರಿ. ಈ ಅವ್ಯವಸ್ಥೆಯೇ ಅವುಗಳ ವ್ಯವಸ್ಥೆ. ಎರಡು ದಿನ ಬದುಕುವ ಕಣಜಕ್ಕೆ ವರ್ಷದ ಯಾವ ದಿನ ಹೊರಬಂದರೂ ಎಲ್ಲಿಯೋ ಒಂದು ಮರದ ಬಾಗಿಲು ತೆರೆದಿರಬೇಕು. ಆದಕಾರಣ ಅತ್ತಿಯು ಒಂಟಿಯಾಗಿ ಬಾಳುವ ಮರವಲ್ಲ. ಸೀಮೆಯ ಅತ್ತಿಗಳೆಲ್ಲ ಸೇರಿ ಒಂದು ಅವಿಭಕ್ತ ಕುಟುಂಬ. ಸರದಿಯಲ್ಲಿ ಅಡಿಗೆಮಾಡುವ ಮನೆಯಂತೆ, ಒಬ್ಬರ ಸರದಿ ತಪ್ಪಿದರೆ ಮರುದಿನದವರಿಗೆ ಒಲೆಯಲ್ಲಿ ಕೆಂಡವಿರುವುದಿಲ್ಲ.

ಗಾಳಿಯ ನೆರವಿನಿಂದ ಕಣಜವು ದೂರ ಹೋಗಬಲ್ಲದು, ಹಾಗಿರುವಲ್ಲಿ ಒಂದೆರಡು ಮರ ಕಡಿದರೇನು ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪದಲ್ಲಿ ಸತ್ಯವಿದೆ. ಆಫ್ರಿಕ ಖಂಡದ ನಮೀಬಿಯ ಮರುಭೂಮಿಯಲ್ಲಿ ನಮ್ಮ ಅತ್ತಿಯ ಸಮೀಪ ಬಂಧುವಾದ ಸಿಕಮೋರ್ ಅತ್ತಿಯ ಕಣಜಗಳು ಒಂದು ಮರದಿಂದ ಇನ್ನೊಂದಕ್ಕೆ ನೂರಾರು ಮೈಲಿ ಬೆಂಗಾಡನ್ನು ದಾಟದಿದ್ದರೂ, 160 ಕಿಲೋಮೀಟರಿನವರೆಗೆ ಪರಾಗವನ್ನು ಒಯ್ದುದನ್ನು 2009ರಲ್ಲಿ ಕಂಡುಕೊಂಡರು. ಆದರೆ ಹೊರಟ ಕಣಜಗಳಲ್ಲಿ ಗುರಿ ಮುಟ್ಟುವವು ಎಷ್ಟು? ಸಾವಿರಗಟ್ಟಲೆ ಹೊರಟಲ್ಲಿ ಕೆಲವೇ ಕೆಲವು. ಆಷಾಢ ಶ್ರಾವಣಗಳಲ್ಲಿ ಕಲಸ ಕುದುರೆಮುಖಗಳ ಕಡೆ ಸುರಿಯುವ ಜಡಿಮಳೆಯಲ್ಲಿ ಎಳ್ಳಿನಷ್ಟು ಜೀವ ಎಷ್ಟು ದೂರ ಹಾರೀತೆಂಬುದನ್ನು ವಾಚಕರೇ ಊಹಿಸಬಹುದು. ಮರಗಳ ನಡುವಣ ದೂರ ಬೆಳೆದಷ್ಟೂ ತಲುಪುವ ಕಣಜಗಳು ಕಡಿಮೆಯಾಗುತ್ತವೆ. ಪರಾಗ ಮುಟ್ಟದ ಕಾಯಿಗಳು ಹಣ್ಣಾಗದೆ ಉದುರುತ್ತವೆ.

ಕಣಜವೇ ಇಲ್ಲದ ಊರಿನಲ್ಲಿ ಏನಾಗುವುದೆಂಬುದಕ್ಕೆ ಇದೇ ಸಿಕಮೋರ್ ಅತ್ತಿಯು ಇನ್ನೊಂದು ನಿದರ್ಶನ. ಈಜಿಪ್ಟ್ ದೇಶದವರು ಅದನ್ನು ಸಾವಿರಾರು ವರ್ಷಗಳಿಂದ ಬೆಳೆಸಿಕೊಂಡು ಬಂದಿದ್ದಾರೆ. ಅಲ್ಲಿ ಆ ಮರದ ದೂತ ಕಣಜವಿಲ್ಲ. ಮರವು ಬೀಜ ಕಟ್ಟುವುದಿಲ್ಲ. ಮನುಷ್ಯನು ಕೊಂಬೆ ಕಡಿದು ನೆಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾಯಿಯು ತಾನಾಗಿ ಹಣ್ಣಾಗದೆ ಇರುವುದರಿಂದ ಒಂದೊಂದು ಕಾಯಿಯನ್ನೂ ಚೂರಿಯಿಂದ ಗೀರಿ ಹಣ್ಣುಮಾಡುವ ಪದ್ಧತಿಯು ಅಲ್ಲಿ ಪ್ರಾಚೀನ ಕಾಲದಿಂದ ನಡೆದುಬಂದಿತು. ಎಳ್ಳಿನಷ್ಟು ಜೀವವು ಮಾಡುತ್ತಿದ್ದ ಕೆಲಸಕ್ಕೆ ಮರವೇರಿದ ಮನುಷ್ಯ ಬೇಕಾಯಿತು.

ಅತ್ತಿಯು ವರ್ಷವೆಲ್ಲ ಸರದಿಯಂತೆ ಹಣ್ಣು ಕೊಡುವುದರಿಂದ ಲಾಭವಾಗುವುದು ಕಣಜಕ್ಕೆ ಮಾತ್ರವಲ್ಲ. ಕಾಡಿನಲ್ಲಿ ಬೇರೆ ಹಣ್ಣಿಲ್ಲದ ದಿನಗಳಲ್ಲಿ ಮಂಗಟ್ಟೆ, ಕುಟುರಹಕ್ಕಿ, ಹಸಿರು ಪಾರಿವಾಳ, ಕಾಮಳ್ಳಿ, ಪಿಕಳಾರಗಳಿಗೆ ಅತ್ತಿ ಬಸರಿ ಗೋಣಿಗಳೇ ಅನ್ನಛತ್ರ. ಹಗಲು ಅವುಗಳ ಪಂಕ್ತಿ ಎದ್ದರೆ ರಾತ್ರಿ ಬಾವಲಿಗಳ ಪಂಕ್ತಿ. ನೀರಿಗೆ ಬಿದ್ದ ಹಣ್ಣನ್ನು ಮೀನುಗಳು ತಿನ್ನುತ್ತವೆ. ನೆಲಕ್ಕೆ ಬಿದ್ದುದು ದನಕರು, ಜಿಂಕೆ, ಕಾಡುಹಂದಿಗಳ ಪಾಲು. ತೋಟದಲ್ಲಿ ಕೋತಿಯ ಕಾಟವೆಂದು ದೂರುವವರು, ಕೋತಿಗೆ ಬೇರೆ ಏನನ್ನು ಉಳಿಸಿದ್ದೇವೆಂಬುದನ್ನೂ ಒಮ್ಮೆ ಎಣಿಸಿ ನೋಡಬೇಕು.

ಮನೆಯ ಉಪಯೋಗಗಳಲ್ಲಿ ಊಟವನ್ನು ಮೊದಲು ಹೇಳುವುದು ನ್ಯಾಯ. ಎಳೆಯ ಕುಡಿಗಳನ್ನು ತುಪ್ಪದಲ್ಲಿ ಜೀರಿಗೆ ಮೆಣಸಿನೊಂದಿಗೆ ಬಾಡಿಸಿ, ತೆಂಗಿನಕಾಯಿಯೊಡನೆ ನುಣ್ಣಗೆ ಅರೆದು, ಮಜ್ಜಿಗೆ ಬೆರೆಸಿದರೆ ತಂಬುಳಿ. ಅತಿಸಾರದಲ್ಲಿ ಹೊಟ್ಟೆ ಕೆಟ್ಟವರಿಗೆ ಅನ್ನದೊಡನೆ ಇದನ್ನು ಬಡಿಸುವುದು ಮಲೆನಾಡಿನ ಮನೆಗಳಲ್ಲಿ ರೂಢಿ. ಎಳೆಗಾಯಿಯ ಪಲ್ಯವೂ ಚೆನ್ನಾಗಿರುತ್ತದೆ. ಕಾಯಿಯನ್ನು ಹೆಚ್ಚುವ ಮುನ್ನ ಕೈಗೂ ಈಳಿಗೆಗೂ ಎಣ್ಣೆ ಸವರಿಕೊಳ್ಳಬೇಕು, ಇಲ್ಲವಾದರೆ ಹಾಲು ಅಂಟುತ್ತದೆ. ಹೆಚ್ಚಿದ ಹೋಳುಗಳನ್ನು ನೀರುಮಜ್ಜಿಗೆಯಲ್ಲಿ ಹಾಕಿ ಒಗರು ಬಿಡಿಸಿ, ಬೇಯಿಸಿ ಬಸಿದು, ಸಾಸಿವೆ ಒಣಮೆಣಸಿನ ಒಗ್ಗರಣೆಗೆ ಹಾಕಿ, ಚೂರು ಬೆಲ್ಲ ಮತ್ತು ಕಾಯಿತುರಿ ಸೇರಿಸುವುದು. ಕಾಯಿ ಮಾತ್ರ ತೀರ ಎಳೆಯದಾಗಿರಬೇಕು. ಬಲಿತುದರಲ್ಲಿ ಮೇಲೆ ಹೇಳಿದ ಸಂಸಾರ ಆರಂಭವಾಗಿರುತ್ತದೆ. ಈ ಕಾರಣದಿಂದಲೇ ಜೈನ ಗೃಹಸ್ಥರು ಪಂಚೋದುಂಬರಗಳೆಂದು ಅತ್ತಿಯ ವರ್ಗದ ಐದು ಹಣ್ಣುಗಳನ್ನು ವರ್ಜಿಸುತ್ತಾರೆ. ಸೂಕ್ಷ್ಮಜೀವಿಗಳ ವಿಷಯದಲ್ಲಿ ಅವರ ಆಚಾರ್ಯರ ದೃಷ್ಟಿ ಎಷ್ಟು ಹರಿತವಾಗಿತ್ತೆಂಬುದು ಈಗ ನಮಗೆ ಚೆನ್ನಾಗಿ ತಿಳಿಯುತ್ತದೆ. ಐತರೇಯ ಬ್ರಾಹ್ಮಣದಲ್ಲಾದರೆ ಸಂಚಾರ ಹೊರಟ ರೋಹಿತನಿಗೆ ಇಂದ್ರನು ಜೇನಿನೊಂದಿಗೆ ಸಿಹಿಯಾದ ಉದುಂಬರವನ್ನೂ ನಡೆಯುವವನ ಫಲವೆಂದು ಹೇಳಿ ಆಸೆ ತೋರಿಸುತ್ತಾನೆ.

ವೈದ್ಯದಲ್ಲಿ ಅತ್ತಿಯು ಪಂಚವಲ್ಕಲಗಳಲ್ಲಿ ಒಂದು. ಆಲ, ಅತ್ತಿ, ಅರಳಿ, ಬಸರಿ, ಹೂವರಸಿ ಈ ಐದರ ತೊಗಟೆಯ ಕಷಾಯದಿಂದ ಹುಣ್ಣು ಗಾಯಗಳನ್ನು ತೊಳೆಯುವುದುಂಟು. ರುಚಿಯಲ್ಲಿ ಒಗರು, ಗುಣದಲ್ಲಿ ಶೀತವೆಂಬುದು ಆಯುರ್ವೇದದ ಮತ. ಬಾಯಿಹುಣ್ಣಿಗೆ ತೊಗಟೆಯ ಕಷಾಯದಿಂದ ಮುಕ್ಕುಳಿಸುವುದು ನಿರಪಾಯವಾದ ಮನೆಮದ್ದು. ಬೇರಿನ ನೀರಿನ ವಿಷಯವನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕಾಗಿದೆ. ಸಂಜೆ ಮರದ ಬುಡವನ್ನು ಅಗೆದು, ಒಂದು ಬೇರಿನ ತುದಿಯನ್ನು ಕತ್ತರಿಸಿ ಮಡಕೆಯೊಳಗಿಟ್ಟು ಬಾಯಿ ಕಟ್ಟಿ ಮಣ್ಣು ಮುಚ್ಚಿದರೆ ಬೆಳಿಗ್ಗೆ ತಿಳಿಯಾದ ನೀರು ಸೇರಿರುತ್ತದೆ. ಮೈಯ ಉಷ್ಣಕ್ಕೂ ಮಧುಮೇಹಕ್ಕೂ ಅದನ್ನು ಕುಡಿಯುವವರಿದ್ದಾರೆ. ತಂಪಿಗೆಂದು ಕುಡಿಯುವವರನ್ನು ನಾವು ತಡೆಯುವುದಿಲ್ಲ. ಆದರೆ ಮಧುಮೇಹಿಗಳು ಇದನ್ನು ನಂಬಿ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸುವುದು ಶುದ್ಧ ಅವಿವೇಕ.

ದೇವಪಿತೃಕಾರ್ಯಗಳಲ್ಲಿ ಇದರ ಸ್ಥಾನವನ್ನು ಬಲ್ಲವರೇ ಬಹುಮಂದಿ. ನವಗ್ರಹಹೋಮದಲ್ಲಿ ಶುಕ್ರನಿಗೆ ಉದುಂಬರದ ಸಮಿತ್ತು. ಸೋಮಯಾಗದ ಸದಸ್ಸಿನಲ್ಲಿ ನಿಲ್ಲಿಸುವ ಔದುಂಬರಿಯೆಂಬ ಕಂಬವೂ, ರಾಜ್ಯಾಭಿಷೇಕದಲ್ಲಿ ಅರಸನು ಕುಳಿತುಕೊಳ್ಳುವ ಆಸಂದಿಯೂ ಇದೇ ಮರದ್ದು. ಗಾಣಗಾಪುರಕ್ಕೆ ಹೋಗಿ ಬಂದವರಿಗೆ ದತ್ತಾತ್ರೇಯನೂ ಔದುಂಬರವೂ ಬೇರೆಬೇರೆಯಲ್ಲ. ಇಷ್ಟೆಲ್ಲ ಗೌರವವಿದ್ದರೂ ಬಡಗಿಗೆ ಇದರ ಮೇಲೆ ಮರ್ಯಾದೆಯಿಲ್ಲ: ಮೆದುವಾದ ಮರ, ಬಿಸಿಲು ಗಾಳಿಗೆ ಬೇಗ ಹಾಳಾಗುತ್ತದೆ. ನೀರಿನೊಳಗೆ ಮಾತ್ರ ಬಹುಕಾಲ ಕೆಡದು. ಹಿಂದೆ ಬಾವಿ ಕಟ್ಟುವಾಗ ತಳದಲ್ಲಿ ಕೂರಿಸುವ ಚೌಕಟ್ಟಿಗೆ ಇದನ್ನೇ ಬಳಸುತ್ತಿದ್ದರು.

ಬಾವಿಯ ಮಾತು ಬಂದುದರಿಂದ ವರಾಹಮಿಹಿರನನ್ನು ನೆನೆಯದೆ ಮುಂದುವರಿಯಲಾರೆವು. ಆರನೆಯ ಶತಮಾನದ ಆತನ ಬೃಹತ್ಸಂಹಿತೆಯಲ್ಲಿ ಅಂತರ್ಜಲವನ್ನು ಹುಡುಕುವ ದಕಾರ್ಗಲವೆಂಬ ಅಧ್ಯಾಯವಿದೆ. ಅತ್ತಿಯ ಮರಕ್ಕೆ ಪಶ್ಚಿಮವಾಗಿ ಮೂರು ಮೊಳ ದೂರದಲ್ಲಿ, ಎರಡೂವರೆ ಪುರುಷ ಪ್ರಮಾಣದ ಆಳದಲ್ಲಿ ಸಿಹಿನೀರಿನ ಸೆಲೆಯುಂಟೆಂದು ಅಲ್ಲಿ ಹೇಳಿದೆ. ಕೈಯೆತ್ತಿ ನಿಂತ ಮನುಷ್ಯನ ಎತ್ತರವೇ ಒಂದು ಪುರುಷ. ಮೂರೇ ಮೊಳ, ಪಶ್ಚಿಮವೇ ಎಂಬ ಲೆಕ್ಕಕ್ಕೆ ನಾವು ಜವಾಬ್ದಾರರಲ್ಲ. ಆದರೆ ಅತ್ತಿ ತಾನಾಗಿ ಬೆಳೆದ ಕಡೆ ನೆಲದೊಳಗೆ ನೀರು ಹತ್ತಿರವಿರುವುದೆಂಬ ಸಾಮಾನ್ಯ ನಂಬಿಕೆಗೆ ಮರದ ಸ್ವಭಾವವೇ ಆಧಾರವಾಗಿದೆ.

ಇನ್ನು ಕಾಫಿತೋಟದ ವಿಚಾರ. ಅರೇಬಿಕಾ ಕಾಫಿಯು ನೆರಳಿನ ಕೂಸು. ಬಿಸಿಲು ಬಿದ್ದ ಗಿಡದ ಕಾಂಡದ ಮೇಲೆಯೇ ಬಿಳಿ ಕಾಂಡಕೊರಕವು ಮೊಟ್ಟೆಯಿಡಲು ಇಷ್ಟಪಡುವುದೆಂಬುದು ಎಲ್ಲ ತೋಟದವರಿಗೂ ತಿಳಿದ ಸಂಗತಿ. 19ನೆಯ ಶತಮಾನದಲ್ಲಿ ಕಾಡನ್ನು ಬಯಲು ಮಾಡಿ ಕಾಫಿ ನೆಟ್ಟವರು ಈ ಪಾಠವನ್ನು ತಮ್ಮ ತೋಟಗಳನ್ನು ಕಳೆದುಕೊಂಡು ಕಲಿತರು. ಮಂಜರಾಬಾದ್ ಸೀಮೆಯಲ್ಲಿ ತೋಟ ಮಾಡಿದ ಎಲಿಯಟ್ ಎಂಬ ಆಂಗ್ಲೇಯನು 1894ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ನೆರಳಿನ ಮರಗಳನ್ನು ವಿಚಾರಮಾಡುವಾಗ ಬಸರಿ ಗೋಣಿಗಳನ್ನು ಉತ್ತಮ ವರ್ಗದಲ್ಲಿ ಎಣಿಸಿದ್ದಾನೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರವು ಆರಂಭವಾಯಿತು. ಕೆಳಗಿನ ನೆರಳಿಗೆ ಹಾಲುವಾಣ, ಮೇಲಿನ ಶಾಶ್ವತ ನೆರಳಿಗೆ ಅತ್ತಿಯ ವರ್ಗದ ಮರಗಳು, ಹಲಸು, ಬೀಟೆ ಮೊದಲಾದವುಗಳೆಂಬ ಎರಡಂತಸ್ತಿನ ಕ್ರಮವು ನಮ್ಮ ತೋಟಗಳ ಸಂಪ್ರದಾಯವಾಗಿದೆ.

ಆ ಮೇಲಿನ ಅಂತಸ್ತಿಗೆ ಈಗ ಸಂಚಕಾರ ಬಂದಿದೆ. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್, ನಮ್ಮವರ ಬಾಯಲ್ಲಿ ಸಿಲ್ವರ್ ಮರ, ಒಂದೊಂದಾಗಿ ಹಳೆಯ ಮರಗಳ ಜಾಗವನ್ನು ಹಿಡಿಯುತ್ತಿದೆ. ಕಾರಣಗಳು ಸುಳ್ಳಲ್ಲ. ಅದು ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಹಣದ ಮುಗ್ಗಟ್ಟು ಬಂದಾಗ ಮಾರಬಹುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಲ್ಲಿ ಅದನ್ನು ಕಡಿಯಲು ಅನುಮತಿಯ ತೊಡಕೂ ಇಲ್ಲ. ಅತ್ತಿಯನ್ನು ಮಾರಿದರೆ ಸೌದೆಯ ಬೆಲೆಯೂ ಹುಟ್ಟದು.

ಮೂಡಿಗೆರೆಯ ಕಡೆಯ ನಮ್ಮ ಹಳೆಯ ಶಿಷ್ಯನೊಬ್ಬನು ಕಳೆದ ಬೇಸಗೆಯಲ್ಲಿ ಬಂದಾಗ ಈ ಲೆಕ್ಕವನ್ನೇ ನಮ್ಮ ಮುಂದಿಟ್ಟನು. ಅವನ ತೋಟದ ತಗ್ಗಿನಲ್ಲಿ ಐದು ಅತ್ತಿಗಳಿದ್ದವು, ಎರಡನ್ನು ತೆಗೆದಾಗಿತ್ತು. "ಮೇಷ್ಟ್ರೇ, ಮಳೆಗಾಲದಲ್ಲಿ ಕೊಂಬೆ ಮುರಿದು ಕಾಫಿ ಗಿಡದ ಮೇಲೆ ಬೀಳುತ್ತದೆ. ಮರಗಸಿಗೆ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೇಳಿದರೆ ತಲೆ ತಿರುಗುತ್ತದೆ. ಒಂದು ಅತ್ತಿಯ ಜಾಗದಲ್ಲಿ ಹತ್ತು ಸಿಲ್ವರ್ ಹಾಕಿ ಮೆಣಸು ಹಬ್ಬಿಸಿದರೆ ಹುಡುಗಿಯ ಓದಿಗಾದರೂ ಆಗುತ್ತದೆ" ಎಂದನು. ಇದಕ್ಕೆ ಏನು ಹೇಳುವುದು? ಮಗಳ ವಿದ್ಯಾಭ್ಯಾಸಕ್ಕಿಂತ ಮಂಗಟ್ಟೆಯ ಊಟ ದೊಡ್ಡದೆಂದು ಉಪದೇಶ ಮಾಡಲು ನಮಗೆ ನಾಲಗೆ ಬರಲಿಲ್ಲ. ಕೈಯಿಂದ ಕಾಸು ಹಾಕುವವನು ಅವನು. ನಾವು ಮಾತು ಹಾಕುವವರು.

ಆದರೆ ಲೆಕ್ಕಕ್ಕೆ ಲೆಕ್ಕವನ್ನೇ ಹೇಳಿದೆವು. "ಅಪ್ಪಾ, ನೀನು ಒಂದು ಪಕ್ಕದ ಬರವಣಿಗೆ ಮಾತ್ರ ಓದಿದೆ. ಅತ್ತಿಯ ಎಲೆ ಉದುರಿದರೆ ಬೇಗ ಕೊಳೆತು ಗೊಬ್ಬರವಾಗುತ್ತದೆ. ಸಿಲ್ವರಿನ ಎಲೆ ತೊಗಲಿನಂತೆ ಬಹಳ ಕಾಲ ಹಾಗೆಯೇ ಬಿದ್ದಿರುತ್ತದೆ. ಹಳ್ಳದ ದಂಡೆಯ ಮಣ್ಣನ್ನು ಹಿಡಿದಿರುವ ಬೇರುಗಳನ್ನು ತೆಗೆದು ಹತ್ತು ಸಸಿ ನೆಟ್ಟರೆ, ಅವು ಬೇರೂರುವವರೆಗೆ ಕಾಯುವ ಸೌಜನ್ಯ ನಮ್ಮ ಮಳೆಗಿದೆಯೇ? ಮೆಣಸು ಬೇಕಾದರೆ ಏರಿನಲ್ಲಿ ಸಿಲ್ವರ್ ಹಾಕು, ಬೇಡವೆನ್ನುವವರಾರು? ತಗ್ಗಿನ ಅತ್ತಿಯನ್ನು ಬಿಡು." ಮೇಲೆ ಬರೆದ ಕಣಜದ ಸರದಿಯನ್ನೂ ವಿವರಿಸಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, ನೆರೆಯ ತೋಟದವರೂ ತಮ್ಮ ಅತ್ತಿಗಳನ್ನು ಆ ವರ್ಷವೇ ತೆಗೆಸಿದರೆಂದು ತಿಳಿಸಿದನು. ಒಬ್ಬೊಬ್ಬರೂ ತಮ್ಮ ಬೇಲಿಯೊಳಗಿನ ಎರಡು ಮರಗಳನ್ನಷ್ಟೇ ಎಣಿಸುತ್ತಾರೆ; ಕಣಜಕ್ಕೆ ಬೇಲಿಯಿಲ್ಲ. ಉಳಿದ ಮೂರರಲ್ಲಿ ಹಳ್ಳದ ದಂಡೆಯ ಎರಡನ್ನು ಇರಿಸಿಕೊಂಡು, ಕೆಲಸದವರ ಮನೆಯ ಮೇಲೆ ಬಾಗಿದ್ದ ಒಂದನ್ನು ತೆಗೆಸಿದನೆಂದು ಆಮೇಲೆ ಪತ್ರ ಬಂದಿತು. ಬಾಗಿದ ಮರದ ವಿಷಯದಲ್ಲಿ ಅವನು ಮಾಡಿದ್ದು ಸರಿ.

ತೋಟವುಳ್ಳ ವಾಚಕರಿಗೆ ಕೆಲವು ಸೂಚನೆಗಳು. ಮರಗಸಿ ಮಾಡಿಸುವಾಗ ಹೊರಗಿನ ಕೊಂಬೆಗಳನ್ನು ತೆಗೆಸಿ ನೆರಳನ್ನು ಹದಗೊಳಿಸಿದರೆ ಸಾಕು. ಕಾಯಿ ಹಿಡಿದ ದಪ್ಪ ಕೊಂಬೆಗಳನ್ನೂ ಬೊಡ್ಡೆಯ ಮೇಲಿನ ಗೊಂಚಲುಗಳನ್ನೂ ಮುಟ್ಟಬಾರದು. ತೋಟದ ಅತ್ತಿಗಳನ್ನೆಲ್ಲ ಒಂದೇ ವಾರದಲ್ಲಿ ಬೋಳು ಮಾಡದೆ, ಒಂದು ವರ್ಷ ಕೆಲವನ್ನು, ಮರುವರ್ಷ ಕೆಲವನ್ನು ಮಾಡಿಸುವುದು ಮೇಲು. ಹೊಸದಾಗಿ ಬೆಳೆಸುವವರು ಬಸರಿ ಗೋಣಿಗಳನ್ನು ತೋಳಿನ ದಪ್ಪದ ಗೂಟಗಳಿಂದಲೇ ನೆಡಬಹುದು. ಅತ್ತಿಗಾದರೆ ಹಕ್ಕಿಗಳು ತಾವೇ ಸಸಿಮಡಿ ಮಾಡಿರುತ್ತವೆ: ಹಳೆಯ ಗೋಡೆಯ ಬಿರುಕು, ಬಾವಿಯ ಕಟ್ಟೆ, ಚರಂಡಿಯ ಅಂಚುಗಳಲ್ಲಿ ಹುಡುಕಿದರೆ ಒಂದು ಗೇಣಿನ ಸಸಿಗಳು ಸಿಕ್ಕುತ್ತವೆ. ಮಳೆ ಹಿಡಿದ ಮೊದಲ ವಾರದಲ್ಲಿ ಬೇರು ಹರಿಯದಂತೆ ಎಬ್ಬಿಸಿ ತಗ್ಗಿನಲ್ಲಿ ನೆಟ್ಟರೆ ಬದುಕುತ್ತವೆ. ಸುತ್ತ ಮುಳ್ಳು ಕಟ್ಟುವುದನ್ನು ಮಾತ್ರ ಮರೆಯಬಾರದು. ಅತ್ತಿಯ ಎಲೆಯೆಂದರೆ ದನಗಳಿಗೆ ಬಲು ಆಸೆ.